ಮೈಸೂರು ದಸರಾದ ಸಂಗೀತ ಸಂಜೆ ಮತ್ತು ಬಾಣಬಿರುಸು: ಮನೆಯಲ್ಲಿರುವ ದಾಖಲೆಗಳನ್ನು ಉಳಿಸುವ ಸಮಗ್ರ ಮಾರ್ಗದರ್ಶಿ

ಅರಮನೆ ಮುಂದಿನ ಸಂಗೀತ ಕಛೇರಿಯ ಆಹ್ವಾನಪತ್ರಿಕೆ, ಬನ್ನಿಮಂಟಪದ ಪಂಜಿನ ಕವಾಯತಿನ ಪಾಸು, ಅಪ್ಪ ತೆಗೆದ ಪಟಾಕಿಯ ಫೋಟೊ, ಜನರ ಮಧ್ಯೆ ಕೂತು ಯಾರೋ ತುಂಬಿಕೊಂಡ ಕ್ಯಾಸೆಟ್ಟು. ಮೈಸೂರಿನ ಎಷ್ಟೋ ಮನೆಗಳ ಅಟ್ಟದ ಮೇಲೆ ಇವೆಲ್ಲ ಒಂದೇ ಟ್ರಂಕಿನಲ್ಲಿ ಬಿದ್ದಿವೆ. ಇವನ್ನು ಉಳಿಸಬೇಕೆಂದು ಹೊರಟವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಟ್ರಂಕು ಇಳಿಸಿದ ದಿನವೇ ಸ್ಕ್ಯಾನರ್ ಮುಂದೆ ಕೂರುತ್ತಾರೆ. ತಿಂಗಳಾದ ಮೇಲೆ ಕಂಪ್ಯೂಟರಿನಲ್ಲಿ ‘ದಸರಾ 1’, ‘ದಸರಾ 2’ ಎಂಬ ನೂರಾರು ಕಡತಗಳಿರುತ್ತವೆ. ಯಾವುದು ಯಾವ ವರ್ಷದ್ದು, ಯಾರ ಕೈಯಿಂದ ಬಂದದ್ದು ಎಂದು ಹೇಳುವವರು ಯಾರೂ ಇರುವುದಿಲ್ಲ.

ನಮ್ಮ ಮನೆಯ ಟ್ರಂಕನ್ನು ನಾನೂ ಹಾಗೆಯೇ ಕೆಡಿಸಿದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದ ಕಾರ್ಡುಗಳನ್ನು ‘ನೀಟಾಗಿರಲಿ’ ಎಂದು ಅಳತೆಯ ಪ್ರಕಾರ ಜೋಡಿಸಿದೆ. ಒಂದೊಂದು ಕಟ್ಟು ಒಂದೊಂದು ವರ್ಷದ್ದು ಎಂದು ಗೊತ್ತಾದದ್ದು ಆಮೇಲೆ. ಆ ಕಟ್ಟುಗಳನ್ನು ಮತ್ತೆ ಕಟ್ಟಲು ನನ್ನಿಂದ ಆಗಲಿಲ್ಲ. ಅದಕ್ಕೇ ಹೇಳುತ್ತೇನೆ, ಈ ಕೆಲಸದಲ್ಲಿ ಯಂತ್ರಕ್ಕಿಂತ ಕ್ರಮ ಮುಖ್ಯ. ಮೊದಲು ಬರೆದುಕೊಳ್ಳಿ, ಆಮೇಲೆ ಬಿಡಿಸಿ, ಕೊನೆಯಲ್ಲಿ ಸ್ಕ್ಯಾನ್ ಮಾಡಿ.

ಬೇಕಾಗುವ ಸಾಮಾನು

ಮೆತ್ತನೆಯ ಪೆನ್ಸಿಲ್ಲು, ಗೆರೆ ಹಾಕಿದ ದಪ್ಪ ನೋಟ್‌ಬುಕ್ಕು, ಅಗಲವಾದ ಮೆದು ಬ್ರಷ್ಷು, ಒಗೆದು ಒಣಗಿಸಿದ ಹತ್ತಿ ಬಟ್ಟೆ, ಆಮ್ಲವಿಲ್ಲದ ಕಾಗದದ ಲಕೋಟೆಗಳು, ಮುಚ್ಚಳವಿರುವ ರಟ್ಟಿನ ಪೆಟ್ಟಿಗೆ, ಫೋನ್ ಕ್ಯಾಮೆರಾ. ಸ್ಕ್ಯಾನರ್ ಏಳನೇ ಹಂತದವರೆಗೂ ಬೇಡ. ಬಾಲ್‌ಪೆನ್ನು, ಸೆಲ್ಲೋಟೇಪು, ಗೋಂದು, ಸ್ಟೇಪ್ಲರ್ ಈ ನಾಲ್ಕನ್ನೂ ಆ ಕೋಣೆಯಿಂದಲೇ ಆಚೆ ಇಡಿ. ಕೈಗೆ ಸಿಕ್ಕರೆ ಯಾವಾಗಲೋ ಬಳಸಿಬಿಡುತ್ತೇವೆ.

ಹಂತ 1: ಮುಟ್ಟುವ ಮೊದಲು ಫೋಟೊ

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮೇಲಿನಿಂದ ಒಂದು ಫೋಟೊ ತೆಗೆಯಿರಿ. ಮೇಲಿನ ಪದರ ಎತ್ತಿಟ್ಟು ಇನ್ನೊಂದು, ಹೀಗೆ ತಳ ಕಾಣುವವರೆಗೆ. ಯಾವುದರ ಪಕ್ಕ ಯಾವುದಿತ್ತು ಎಂಬುದೇ ಒಂದು ಸಾಕ್ಷಿ. ದಿನಾಂಕವಿಲ್ಲದ ಪಾಸು, ದಿನಾಂಕವಿರುವ ಕಾರ್ಡಿನೊಳಗೆ ಮಡಿಚಿಕೊಂಡಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹಳೆ ಪತ್ರಿಕೆಯಲ್ಲಿ ಸುತ್ತಿಟ್ಟದ್ದಿದ್ದರೆ ಆ ಪತ್ರಿಕೆಯನ್ನು ಎಸೆಯಬೇಡಿ. ಮೊದಲು ಅದರ ದಿನಾಂಕ ಬರೆದುಕೊಳ್ಳಿ. ಸುತ್ತಿದ ದಿನ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲವಲ್ಲ.

ಹಂತ 2: ಕೆಟ್ಟಿರುವುದನ್ನು ಬೇರೆ ಮಾಡಿ

ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಬೇಡಿ. ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಎಚ್ಚರಿಕೆಯ ಗುರುತುಗಳು ಇವು.

ನೆಗೆಟಿವ್ ಇಟ್ಟ ಡಬ್ಬಿ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಒಳಗೊಳಗೇ ಕರಗುತ್ತಿದೆ ಎಂದರ್ಥ. ಅದನ್ನು ಉಳಿದವುಗಳಿಂದ ದೂರವಿಡಿ, ಸ್ಕ್ಯಾನ್ ಮಾಡುವಾಗ ಮೊದಲ ಸರದಿ ಅದಕ್ಕೇ ಕೊಡಿ. ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಅದನ್ನು ಪ್ಲೇಯರಿಗೆ ಹಾಕಿದರೆ ಟೇಪೂ ಹೋಯಿತು, ಪ್ಲೇಯರಿನೊಳಗೆ ಟೇಪು ಓದುವ ಹೆಡ್ಡೂ ಹೋಯಿತು. ಕಾಗದದ ಅಂಚಿನಲ್ಲಿ ಮಣ್ಣಿನ ಗೆರೆ ಇದ್ದರೆ ಗೆದ್ದಲು. ಆ ಪೆಟ್ಟಿಗೆಯನ್ನು ಮನೆಯೊಳಗೆ ತರದೆ ವರಾಂಡದಲ್ಲೇ ಬಿಡಿಸಿ.

ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬಾರದು. ಪಿನ್ನಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಕಾಗದ ಹರಿಯದಂತೆ ನಿಧಾನವಾಗಿ ಬಿಡಿಸಿ. ಒಂದಕ್ಕೊಂದು ಅಂಟಿಕೊಂಡ ಫೋಟೊಗಳನ್ನು ಬಲವಂತವಾಗಿ ಕೀಳಬೇಡಿ, ಹಾಗೇ ಬಿಡಿ. ಹರಿದದ್ದನ್ನು ಹರಿದಂತೆಯೇ ಲಕೋಟೆಗೆ ಹಾಕಿ. ಲ್ಯಾಮಿನೇಷನ್ ಮಾತ್ರ ಯಾವ ಕಾರಣಕ್ಕೂ ಬೇಡ. ಆ ಬಿಸಿ, ಆ ಅಂಟು ಒಮ್ಮೆ ಕಾಗದಕ್ಕೆ ಹಿಡಿದರೆ ಮತ್ತೆ ಬಿಡಿಸಲಾಗದು.

ಹಂತ 3: ನಂಬರು

ಪ್ರತಿ ವಸ್ತುವಿಗೂ ಒಂದು ಓಡುವ ಸಂಖ್ಯೆ ಕೊಡಿ: 001, 002, 003. ವರ್ಷ ಗೊತ್ತಾಗುವವರೆಗೆ ಕಾಯಬೇಡಿ, ಸಂಖ್ಯೆಯೊಳಗೆ ವರ್ಷ ಸೇರಿಸಲೂಬೇಡಿ. ಊಹೆಯ ವರ್ಷ ಮುಂದೆ ತಪ್ಪೆಂದು ತಿಳಿದರೆ ಇಡೀ ಪಟ್ಟಿ ಕದಡುತ್ತದೆ. ಕಾರ್ಡಿನ ಹಿಂಬದಿ, ಕೆಳಗಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಹಗುರವಾಗಿ ಬರೆಯಿರಿ. ಫೋಟೊ ಆದರೆ ಲಕೋಟೆಯ ಮೇಲೆ ಮೊದಲು ಬರೆದು, ಆಮೇಲೆ ಫೋಟೊ ಒಳಗಿಡಿ. ಒಳಗಿಟ್ಟು ಬರೆದರೆ ಅಕ್ಷರ ಫೋಟೊದ ಮೇಲೆ ಒತ್ತಿ ಮೂಡುತ್ತದೆ.

ನೋಟ್‌ಬುಕ್ಕಿನಲ್ಲಿ ಸಂಖ್ಯೆಯ ಮುಂದೆ ಏನು, ಎಲ್ಲಿತ್ತು, ಯಾರದ್ದು, ಮೇಲೆ ಏನೇನು ಬರೆದಿದೆ ಎಂದು ಗುರುತು ಮಾಡಿ. ಮೇಲಿನ ಬರಹವನ್ನು ಇದ್ದದ್ದು ಇದ್ದ ಹಾಗೆ, ತಪ್ಪಿದ್ದರೆ ತಪ್ಪಿನ ಸಮೇತ ನಕಲು ಮಾಡಿ. ಮನೆಯ ಹಿರಿಯರು ಬದುಕಿದ್ದರೆ ಈ ಹಂತದಲ್ಲೇ ಅವರ ಪಕ್ಕ ಕೂತು ಕೇಳಿ. ‘ಅಜ್ಜಿ, ಇದು ಯಾವ ವರ್ಷದ್ದು?’ ಎಂದರೆ ಉತ್ತರ ಸಿಗುವುದಿಲ್ಲ. ‘ಈ ಕಛೇರಿಗೆ ಹೋದಾಗ ಅತ್ತೆಗೆ ಮದುವೆ ಆಗಿತ್ತಾ?’ ಎಂದು ಕೇಳಿ, ಸಿಗುತ್ತದೆ.

ಹಂತ 4: ವರ್ಷ ಹಿಡಿಯುವುದು

ಅತಿ ಹೆಚ್ಚು ಜನ ಸೋಲುವ ಹಂತ ಇದು. ದಸರಾ ಚಾಂದ್ರಮಾನದ ಹಬ್ಬ. ಆಶ್ವಯುಜ ಶುದ್ಧ ಪಾಡ್ಯದಿಂದ ದಶಮಿಯವರೆಗೆ ನಡೆಯುವುದರಿಂದ ಇಂಗ್ಲಿಷ್ ತಾರೀಖು ವರ್ಷವರ್ಷವೂ ಜರುಗುತ್ತದೆ. 2019ರಲ್ಲಿ ವಿಜಯದಶಮಿ ಅಕ್ಟೋಬರ್ 8, 2020ರಲ್ಲಿ ಅಕ್ಟೋಬರ್ 26, 2022ರಲ್ಲಿ ಅಕ್ಟೋಬರ್ 5, 2023ರಲ್ಲಿ ಅಕ್ಟೋಬರ್ 24, 2025ರಲ್ಲಿ ಅಕ್ಟೋಬರ್ 2. ಹಾಗಾಗಿ ‘ದಸರಾ, 3ನೇ ದಿನ’ ಎಂಬ ಬರಹದಿಂದ ತಾರೀಖು ಹೊರಡುವುದಿಲ್ಲ. ಒಂಬತ್ತು ರಾತ್ರಿ, ಹತ್ತು ದಿನ ಎಂದು ಕಣ್ಣುಮುಚ್ಚಿ ಎಣಿಸಿದರೂ ತಪ್ಪಬಹುದು, ಏಕೆಂದರೆ 2025ರ ದಸರಾ ಹನ್ನೊಂದು ದಿನ ನಡೆಯಿತು.

ಆದರೆ ಇದೇ ಜರುಗಾಟ ನಮಗೆ ಉಪಕಾರಿಯೂ ಹೌದು. ಒಂದು ಉದಾಹರಣೆ ಕೊಡುತ್ತೇನೆ. ಮೇಲಿನ ಅರ್ಧ ಹರಿದುಹೋದ ಕಾರ್ಯಕ್ರಮಪಟ್ಟಿ ಕೈಯಲ್ಲಿದೆ. ಉಳಿದಿರುವುದು ‘ಅಕ್ಟೋಬರ್ 12, ಶನಿವಾರ, ಅರಮನೆ ಆವರಣ’ ಇಷ್ಟೇ. 2000ದಿಂದ ಈಚೆಗೆ ಅಕ್ಟೋಬರ್ 12 ಶನಿವಾರ ಬಂದದ್ದು 2002, 2013, 2019, 2024ರಲ್ಲಿ. 2019ರ ದಸರಾ 8ಕ್ಕೇ ಮುಗಿದಿತ್ತು, ಅದು ಬಿಟ್ಟುಹೋಯಿತು. 2024ರಲ್ಲಿ ಅಂದೇ ವಿಜಯದಶಮಿ. ಮಧ್ಯಾಹ್ನ ಜಂಬೂ ಸವಾರಿ, ಸಂಜೆ ಬನ್ನಿಮಂಟಪ, ಅರಮನೆ ಕಛೇರಿಗೆ ಹೊಂದುವ ದಿನವಲ್ಲ. ಉಳಿದದ್ದು 2002 ಮತ್ತು 2013. ಈಗ ಕಾರ್ಡಿನ ಕೆಳಗಿನ ಅಂಚು ನೋಡಿ. ಸರ್ಕಾರಿ ಆಹ್ವಾನಪತ್ರಿಕೆಯಲ್ಲಿ ಮುಖ್ಯಮಂತ್ರಿ, ಉಸ್ತುವಾರಿ ಸಚಿವರು, ಜಿಲ್ಲಾಧಿಕಾರಿಗಳ ಹೆಸರು ಇದ್ದೇ ಇರುತ್ತದೆ. 2002ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ, 2013ರಲ್ಲಿ ಸಿದ್ದರಾಮಯ್ಯ. ಒಂದು ಹೆಸರಿನ ಅರ್ಧ ಉಳಿದಿದ್ದರೂ ವರ್ಷ ಸಿಕ್ಕಿತು.

ವಾರ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ ಇನ್ನೂ ಸುಲಭ. ಸಂವತ್ಸರ ತಿರುಗಿ ಬರುವುದು ಅರವತ್ತು ವರ್ಷಕ್ಕೊಮ್ಮೆ. ‘ವಿಕಾರಿ ಸಂವತ್ಸರ’ ಎಂದಿದ್ದರೆ 1959 ಅಥವಾ 2019. ಆ ಎರಡು ಕಾಲದ ಕಾಗದ, ಅಚ್ಚು ನೋಡಿದರೆ ಮಕ್ಕಳೂ ಬೇರೆ ಮಾಡುತ್ತಾರೆ.

ಬೇರೆ ಸುಳಿವುಗಳೂ ಇವೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ‘ಮೈಸೋರ್’ ಬಿಟ್ಟು ‘ಮೈಸೂರು’ ಎಂದು ಅಚ್ಚು ಹಾಕಿದ್ದರೆ ಅದು 2014ರ ನವೆಂಬರ್ ನಂತರದ ಸರ್ಕಾರಿ ಕಾಗದ ಎನ್ನಬಹುದು. ಕನ್ನಡ ಅಚ್ಚಿನಲ್ಲಿ ಈ ಸುಳಿವು ಕೆಲಸ ಮಾಡದು, ನಾವು ಯಾವತ್ತೂ ಮೈಸೂರು ಎಂದೇ ಬರೆದವರು.

ಫೋಟೊಗಳಲ್ಲಿ ಆನೆ ನೋಡಿ. ಚಿನ್ನದ ಅಂಬಾರಿಯಲ್ಲಿ ಮಹಾರಾಜರೇ ಕುಳಿತಿದ್ದರೆ ರಾಜಧನ ರದ್ದಾದ 1971ಕ್ಕಿಂತ ಹಿಂದಿನದು. ದೇವಿ ಚಾಮುಂಡೇಶ್ವರಿ ಇದ್ದರೆ ಈಚಿನದು. ಅಂಬಾರಿ ಹೊರುತ್ತಿದ್ದ ಆನೆ ದ್ರೋಣ ತೀರಿಕೊಂಡದ್ದು 1998ರಲ್ಲಿ. ಆಮೇಲೆ ಬಲರಾಮ 2011ರವರೆಗೆ ಹೊತ್ತ. ಅರ್ಜುನ 2012ರಿಂದ 2019ರವರೆಗೆ ಸತತ ಎಂಟು ದಸರಾ ಹೊತ್ತ. 2020ರಿಂದ ಅಭಿಮನ್ಯು. ಆನೆಯ ಗುರುತು ಹಿಡಿಯಲು ನಿಮ್ಮಿಂದಾಗದಿದ್ದರೆ ಮಾವುತರ ಮನೆಯವರನ್ನು ಕೇಳಿ, ದಂತದ ಓರೆ ನೋಡಿಯೇ ಹೇಳುತ್ತಾರೆ.

ಚಾಮುಂಡಿಬೆಟ್ಟದ ಉದ್ಘಾಟನೆಯ ಫೋಟೊ ಅದೇ ಸರಣಿಯಲ್ಲಿದ್ದರೆ ಉದ್ಘಾಟಕರ ಮುಖ ಸಾಕು. 2017ರಲ್ಲಿ ಕೆ.ಎಸ್. ನಿಸಾರ್ ಅಹಮದ್, 2018ರಲ್ಲಿ ಸುಧಾ ಮೂರ್ತಿ, 2019ರಲ್ಲಿ ಎಸ್.ಎಲ್. ಭೈರಪ್ಪ, 2022ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು, 2023ರಲ್ಲಿ ಹಂಸಲೇಖ, 2024ರಲ್ಲಿ ಹಂಪ ನಾಗರಾಜಯ್ಯ, 2025ರಲ್ಲಿ ಬಾನು ಮುಷ್ತಾಕ್.

ಒಂದೇ ಸುಳಿವು ನಂಬಿ ವರ್ಷ ಬರೆಯಬೇಡಿ, ಎರಡು ಬೇಕು. ಎರಡನೆಯದು ಸಿಗದಿದ್ದರೆ ವರ್ಷದ ಮುಂದೆ ಪ್ರಶ್ನೆಚಿಹ್ನೆ ಹಾಕಿ, ಯಾವ ಆಧಾರದಿಂದ ಊಹಿಸಿದಿರಿ ಎಂದು ಪಕ್ಕದಲ್ಲೇ ಬರೆಯಿರಿ.

ಹಂತ 5: ಅಚ್ಚಾದದ್ದು ಬೇರೆ, ನಡೆದದ್ದು ಬೇರೆ

ಆಹ್ವಾನಪತ್ರಿಕೆ ಹಬ್ಬಕ್ಕೆ ಮೊದಲೇ ಅಚ್ಚಾಗುತ್ತದೆ. ಮಳೆ ಬರಬಹುದು, ಕಲಾವಿದರಿಗೆ ಗಂಟಲು ಕೆಡಬಹುದು, ವೇದಿಕೆ ಬದಲಾಗಬಹುದು. ಸೆಪ್ಟೆಂಬರ್ ಅಕ್ಟೋಬರ್‌ನ ಮೈಸೂರಿನಲ್ಲಿ ಸಂಜೆ ಮಳೆ ಹೊಸದೇನಲ್ಲ. ಕಾರ್ಡಿನಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಅವರು ಅಂದು ಹಾಡಿದರು ಎಂದು ದಾಖಲಿಸಿದರೆ, ಮುಂದೆ ಅದನ್ನು ನಂಬಿ ಬರೆಯುವವರೆಲ್ಲ ತಪ್ಪುತ್ತಾರೆ.

ನೋಟ್‌ಬುಕ್ಕಿನಲ್ಲಿ ಪ್ರತಿ ಸಂಜೆಗೂ ಒಂದು ಪುಟ ಕೊಟ್ಟು, ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ‘ಅಚ್ಚಾದದ್ದು’, ಬಲಕ್ಕೆ ‘ನಡೆದದ್ದು’. ಕಾರ್ಡು, ಭಿತ್ತಿಪತ್ರ, ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ ಎಡಕ್ಕೆ. ಮರುದಿನದ ವರದಿ, ಫೋಟೊ, ಧ್ವನಿಮುದ್ರಣ, ಅಲ್ಲಿದ್ದವರ ಮಾತು ಬಲಕ್ಕೆ. ಬಲಗಡೆ ಖಾಲಿ ಉಳಿದರೆ ಖಾಲಿಯೇ ಇರಲಿ. ಎಡಗಡೆಯಿಂದ ನಕಲು ಮಾಡಿ ತುಂಬಬೇಡಿ. ವಾದ್ಯ ಸಹಕಾರದವರ ಹೆಸರನ್ನು ಬಿಡಬೇಡಿ. ಪಿಟೀಲು, ಮೃದಂಗ, ಘಟ, ತಂಬೂರಿ ಎಲ್ಲವೂ ಬರಲಿ. ಗಾಯಕರ ಹೆಸರು ಹೇಗೋ ಉಳಿಯುತ್ತದೆ, ಮೊದಲು ಅಳಿಸಿಹೋಗುವುದು ಹಿಂದೆ ಕೂತವರ ಹೆಸರು.

ಯುವಜನರಿಗಾಗಿ ನಡೆಯುವ ‘ಯುವ ದಸರಾ’ ಕಾರ್ಯಕ್ರಮದ ದಾಖಲೆಯನ್ನು ಅರಮನೆ ಕಛೇರಿಯೊಂದಿಗೆ ಬೆರೆಸಬೇಡಿ. ಅದರ ಜಾಗ ಬೇರೆ. ಮಹಾರಾಜ ಕಾಲೇಜು ಮೈದಾನದಲ್ಲಿ ಬಹುಕಾಲ ನಡೆದು 2024ರಲ್ಲಿ ಉತ್ತನಹಳ್ಳಿಗೆ ಹೋಯಿತು. ಈ ಜಾಗ ಬದಲಾದದ್ದೂ ವರ್ಷ ಹಿಡಿಯಲು ನೆರವಾಗುತ್ತದೆ.

ಹಂತ 6: ಬಾಣಬಿರುಸಿನ ಫೋಟೊ

ಕಪ್ಪು ಆಕಾಶದಲ್ಲಿ ಬೆಳಕಿನ ಹೂ, ಬೇರೇನೂ ಇಲ್ಲ. ಇಂಥ ಫೋಟೊ ಯಾವ ಊರಿನದ್ದೂ ಇರಬಹುದು. ಗುರುತು ಅದರೊಳಗೆ ಸಿಗದು, ಅದರ ಅಕ್ಕಪಕ್ಕ ಸಿಗುತ್ತದೆ. ನೆಗೆಟಿವ್ ಪಟ್ಟಿಯನ್ನು ಬೆಳಕಿಗೆ ಹಿಡಿದು ಅಂಚಿನ ಸಂಖ್ಯೆ ಓದಿ. 22ನೆಯ ಚೌಕದಲ್ಲಿ ಪಟಾಕಿ ಇದ್ದು, 20ರಲ್ಲಿ ಪಂಜು ಹಿಡಿದ ಪೊಲೀಸರ ಸಾಲು ಇದ್ದರೆ ಅದು ಬನ್ನಿಮಂಟಪ, ವಿಜಯದಶಮಿಯ ರಾತ್ರಿ. ವರ್ಷ ತಿಳಿದರೆ ತಾರೀಖು ತಾನಾಗಿ ಬಂತು. ಈ ಕಾರಣಕ್ಕೇ ಹೇಳುವುದು, ಪಟ್ಟಿಯನ್ನು ಬಿಡಿ ಚೌಕಗಳಾಗಿ ಕತ್ತರಿಸಬೇಡಿ. ಕತ್ತರಿ ಆಡಿಸಿದರೆ ಫೋಟೊ ಉಳಿಯುತ್ತದೆ, ಅದರ ನೆರೆಹೊರೆ ಹೋಗುತ್ತದೆ.

ಪದೇ ಪದೇ ಆಗುವ ಮೂರು ತಪ್ಪುಗಳಿವೆ.

ಮೊದಲನೆಯದು, ಅರಮನೆಯ ಗುಮ್ಮಟಗಳ ಮೇಲೆ ಪಟಾಕಿ ಸಿಡಿದಿರುವ ಫೋಟೊವನ್ನು ಕಣ್ಣುಮುಚ್ಚಿ ದಸರಾ ಎಂದು ಬರೆಯುವುದು. ಡಿಸೆಂಬರ್ 31ರ ಮಧ್ಯರಾತ್ರಿ ಹೊಸವರ್ಷದ ಸ್ವಾಗತಕ್ಕೆ ಅರಮನೆ ಆವರಣದಲ್ಲಿ ಪೊಲೀಸ್ ಬ್ಯಾಂಡು, ಬಾಣಬಿರುಸು ನಡೆಯುವುದುಂಟು. ಆ ದಿನಗಳಲ್ಲಿ ಅಲ್ಲಿ ಫಲಪುಷ್ಪ ಪ್ರದರ್ಶನವೂ ಇರುತ್ತದೆ. ಸ್ವೆಟರು, ಮಫ್ಲರು, ಹೂವಿನ ಆಕೃತಿಗಳು ಕಂಡರೆ ಅನುಮಾನಪಡಿ.

ಎರಡನೆಯದು, ಫಿರಂಗಿಯ ಹೊಗೆ ಕಂಡರೆ ವಿಜಯದಶಮಿ ಎನ್ನುವುದು. ಕುಶಾಲತೋಪು 21 ಸಲ ಹಾರುವುದು ಜಂಬೂ ಸವಾರಿಯ ದಿನ ನಿಜ. ಆದರೆ ಆನೆ, ಕುದುರೆಗಳು ಸದ್ದಿಗೆ ಹೊಂದಿಕೊಳ್ಳಲೆಂದು ವಾರಗಳ ಮೊದಲೇ ತಾಲೀಮಿನಲ್ಲೂ ಸಿಡಿಸುತ್ತಾರೆ. ಆನೆಯ ಮೈಮೇಲೆ ಬಣ್ಣದ ಚಿತ್ತಾರ ಇಲ್ಲದಿದ್ದರೆ ಅದು ತಾಲೀಮು.

ಮೂರನೆಯದು, ಕೋವಿಡ್ ವರ್ಷಗಳನ್ನು ಮರೆಯುವುದು. 2020 ಮತ್ತು 2021ರಲ್ಲಿ ಜಂಬೂ ಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ಬನ್ನಿಮಂಟಪದ ತುಂಬು ಗ್ಯಾಲರಿಯ ಫೋಟೊಗೆ ಆ ವರ್ಷ ಬರೆದಿದ್ದರೆ ಮತ್ತೊಮ್ಮೆ ಪರಿಶೀಲಿಸಿ. ಆಕಾಶದಲ್ಲಿ ಡ್ರೋನ್‌ಗಳಿಂದ ಮೂಡಿದ ಆಕೃತಿ ಕಂಡರೆ 2024 ಅಥವಾ ಆಮೇಲಿನದು.

ಹಂತ 7: ಈಗ ಸ್ಕ್ಯಾನ್, ಈಗ ಕ್ಯಾಸೆಟ್ಟು

ಕಾರ್ಡು, ಫೋಟೊಗಳಿಗೆ 600 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ), ನೆಗೆಟಿವ್‌ಗೆ 2400 ಅಥವಾ ಹೆಚ್ಚು. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ, ಹಂಚಲು ಚಿಕ್ಕ ಜೆಪೆಗ್ ಬೇರೆ ಮಾಡಿಕೊಳ್ಳಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮೊಹರು, ಪೆನ್ಸಿಲ್ ಗುರುತು ಇರುವುದು ಅಲ್ಲೇ. ಕಡತದ ಹೆಸರು ಮೂರನೇ ಹಂತದ ಸಂಖ್ಯೆಯೇ ಇರಲಿ: 047-ಮುಂದೆ, 047-ಹಿಂದೆ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದದ್ದು ಕುಗ್ಗಿಹೋಗುತ್ತದೆ.

ಕ್ಯಾಸೆಟ್ಟಿಗೆ ಹೆಚ್ಚು ತಾಳ್ಮೆ ಬೇಕು. ಮೊದಲು ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ಒಣಗಲು ಬಿಡಿ. ಬೆಲೆಯಿಲ್ಲದ ಬೇರೊಂದು ಕ್ಯಾಸೆಟ್ ಹಾಕಿ ಟೇಪು ಸಿಕ್ಕಿಕೊಳ್ಳುತ್ತದೆಯೇ ನೋಡಿ. ಆಮೇಲೆ ನಿಮ್ಮದನ್ನು ಹಾಕಿ. ಕೀಚಲು ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಒಂದೇ ಸಲಕ್ಕೆ ಕೆಲಸ ಮುಗಿಯುವಂತೆ 24 ಬಿಟ್, 48 ಕಿಲೋಹರ್ಟ್ಸ್ ವೇವ್ ಕಡತವಾಗಿ ಇಳಿಸಿಕೊಳ್ಳಿ. ಹಳೆ ಟೇಪು ಪದೇ ಪದೇ ಓಡಿಸುವಷ್ಟು ಗಟ್ಟಿಯಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಾಡಿನ ಆಚೀಚೆಯ ಗದ್ದಲವನ್ನು ಕತ್ತರಿಸಬೇಡಿ. ನನ್ನ ಬಳಿ ಬಂದ ಒಂದು ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ‘ಅರಮನೆ – 3’ ಎಂದು ಬರೆದಿತ್ತು, ಅಷ್ಟೇ. ಕೊಳಲು. ಯಾರದ್ದೆಂದು ಗೊತ್ತಿಲ್ಲ. ಎರಡನೇ ಬದಿಯ ಕೊನೆಯಲ್ಲಿ ಮಂಗಳ ಮುಗಿದು, ಚಪ್ಪಾಳೆ ಬಿದ್ದು, ಕುರ್ಚಿಗಳು ಸರಿದಾಡುವ ಸದ್ದಿನ ನಡುವೆ ನಿರೂಪಕರ ಧ್ವನಿ: ಕಲಾವಿದರ ಹೆಸರು, ಮೃದಂಗದವರ ಹೆಸರು, ‘ನಾಳೆ ಭಾನುವಾರ ಇದೇ ವೇದಿಕೆಯಲ್ಲಿ’ ಎಂಬ ಪ್ರಕಟಣೆ. ಅರ್ಧ ನಿಮಿಷ. ಇಡೀ ಕ್ಯಾಸೆಟ್ಟಿನ ಚೀಟಿ ಆ ಅರ್ಧ ನಿಮಿಷವೇ. ಅದರ ಇನ್ನೊಂದು ಪ್ರತಿ ಮಾಡಿಕೊಂಡಿದ್ದವರು ‘ಅನವಶ್ಯಕ’ ಎಂದು ಅದನ್ನೇ ಅಳಿಸಿದ್ದರು.

ಹಂತ 8: ಬಿಟ್ಟುಹೋದದ್ದನ್ನು ಹುಡುಕುವುದು

ಪುಟದ ಬಲಗಡೆ ಖಾಲಿ ಉಳಿದ ಸಂಜೆಗಳಿಗೆ ಮಾತ್ರ ಹೊರಗೆ ಹುಡುಕಿ. ಪಟ್ಟಿ ಇಲ್ಲದೆ ಕಚೇರಿ, ಗ್ರಂಥಾಲಯ ಸುತ್ತಿದರೆ ದಿನ ಹಾಳಾಗುತ್ತದೆ.

ಪತ್ರಿಕೆಗಳಿಂದ ಶುರು ಮಾಡಿ. ಆಂದೋಲನ, ಮೈಸೂರು ಮಿತ್ರ, ಸ್ಟಾರ್ ಆಫ್ ಮೈಸೂರ್ ಸ್ಥಳೀಯವಾದ್ದರಿಂದ ಕಛೇರಿಯ ವಿವರ ಹೆಚ್ಚು. ಪ್ರಜಾವಾಣಿಯೂ ಬೇಕು. ಸ್ಟಾರ್ ಆಫ್ ಮೈಸೂರ್ ಸಂಜೆಯ ಪತ್ರಿಕೆ ಎಂಬುದು ನೆನಪಿರಲಿ. ನಿನ್ನೆ ರಾತ್ರಿಯ ಕಛೇರಿ ಇವತ್ತು ಸಂಜೆ ಬರುತ್ತದೆ. ಬೆಳಗಿನ ಪತ್ರಿಕೆಗೆ ರಾತ್ರಿಯ ಸುದ್ದಿ ತಪ್ಪಿ ಎರಡು ದಿನ ತಡವಾಗಿ ಬರಬಹುದು. ಕತ್ತರಿಸಿಟ್ಟ ಸುದ್ದಿಯ ತುಣುಕಿನ ದಿನಾಂಕವನ್ನೇ ಕಛೇರಿಯ ದಿನಾಂಕ ಎಂದುಕೊಳ್ಳುವುದು ಬಹಳ ಸಾಮಾನ್ಯ ತಪ್ಪು.

ರಾಜರ ಕಾಲದ್ದಾದರೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ವಿಭಾಗೀಯ ಕಚೇರಿ. ಅರಮನೆ ದಾಖಲೆಗಳಲ್ಲಿ ಸಂಗೀತಗಾರರಿಗೆ, ನಟರಿಗೆ, ಕಲಾವಿದರಿಗೆ ಸಂಬಂಧಿಸಿದ್ದನ್ನು ಆಯ್ದು ಸಂಪುಟವಾಗಿಯೂ ಪ್ರಕಟಿಸಿದ್ದಾರೆ. ಮೊದಲು ಅದನ್ನು ಓದಿ, ಬೇಕಾದ ಕಡತದ ಗುರುತು ಮಾಡಿಕೊಂಡು ಹೋಗಿ.

ಧ್ವನಿಗಾಗಿ ಆಕಾಶವಾಣಿ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಶುರುಮಾಡಿದ ಬಾನುಲಿಯ ಕೊಂಡಿ ಇದು. ಕೇಳುವಾಗ ಕಲಾವಿದರ ಪೂರ್ತಿ ಹೆಸರು, ಸಂಜೆಯ ತಾರೀಖು ಕೊಡಿ. ಪ್ರಸಾರವಾದ ದಿನ ಬೇರೆ, ಹಾಡಿದ ದಿನ ಬೇರೆ ಇರಬಹುದು ಎಂಬುದನ್ನೂ ಕೇಳಿ ತಿಳಿಯಿರಿ.

ಈಚಿನ ದಶಕಗಳ ಸರ್ಕಾರಿ ಕಡತಗಳಿಗೆ, ಅಂದರೆ ಕಲಾವಿದರ ಪಟ್ಟಿ, ಸಂಭಾವನೆ, ಬಾಣಬಿರುಸಿನ ಗುತ್ತಿಗೆ, ಅನುಮತಿಗಳಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ‘ದಸರಾದ ಎಲ್ಲ ದಾಖಲೆ ಕೊಡಿ’ ಎಂದು ಬರೆದ ಅರ್ಜಿಗಳು ಬಿದ್ದುಹೋಗುವುದು ಇದರಿಂದಲೇ. ‘2008ನೇ ಸಾಲಿನ ದಸರಾ, ಅರಮನೆ ವೇದಿಕೆಯಲ್ಲಿ ಕಾರ್ಯಕ್ರಮ ನೀಡಿದ ಕಲಾವಿದರ ಪಟ್ಟಿಯ ದೃಢೀಕೃತ ನಕಲು’ ಎಂದು ಬರೆಯಿರಿ. ಅರಮನೆ ಕಛೇರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಒಟ್ಟು ದಸರಾಕ್ಕೆ ಜಿಲ್ಲಾಧಿಕಾರಿ ಕಚೇರಿ, ಪಂಜಿನ ಕವಾಯತಿಗೆ ಪೊಲೀಸ್ ಇಲಾಖೆ. ‘ಕಡತ ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ, ನಾಶಪಡಿಸಿದ ದಿನಾಂಕ ಮತ್ತು ಆದೇಶದ ನಕಲು ಕೇಳಿ. ಎಷ್ಟೋ ಸಲ ಈ ಎರಡನೇ ಅರ್ಜಿಗೆ ಕಡತವೇ ಸಿಕ್ಕಿದೆ.

ಹಂತ 9: ಇಡುವುದು, ಕೊಡುವುದು

ಪೆಟ್ಟಿಗೆ ಅಟ್ಟದ ಮೇಲೂ ಬೇಡ, ನೆಲದ ಮೇಲೂ ಬೇಡ. ಅಟ್ಟದಲ್ಲಿ ಬಿಸಿಲಿನ ಕಾವು, ನೆಲದಲ್ಲಿ ತೇವ. ಗೋಡೆಗೆ ತಾಗದ ಬೀರುವಿನ ನಡುವಿನ ಅರೆ ಒಳ್ಳೆಯದು. ಕ್ಯಾಸೆಟ್ಟುಗಳನ್ನು ಪುಸ್ತಕದಂತೆ ನಿಲ್ಲಿಸಿ, ಟಿವಿ, ಸ್ಪೀಕರಿನಿಂದ ದೂರ. ನುಸಿಗುಳಿಗೆಗಳನ್ನು ಫೋಟೊ, ಫಿಲ್ಮಿಗೆ ತಾಗುವಂತೆ ಇಡಬೇಡಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ತೆರೆದು ಮೂಸಿ ನೋಡಿ. ಡಿಜಿಟಲ್ ಕಡತ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ.

ಧ್ವನಿಮುದ್ರಣವನ್ನು ಯೂಟ್ಯೂಬಿಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಡಿದವರಿಗೆ ಅವರ ಕಛೇರಿಯ ಮೇಲೆ ಐವತ್ತು ವರ್ಷ ಕಾನೂನಿನ ಹಕ್ಕಿದೆ. ಅವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ. ನಾನು ಕೇಳಿದ ಎರಡು ಮನೆಯವರೂ ಒಪ್ಪಿದರು, ಒಂದು ಮನೆಯಲ್ಲಿ ಅಂದಿನ ತಂಬೂರಿಯವರ ಹೆಸರೂ ಸಿಕ್ಕಿತು.

ಮೂಲವಸ್ತುಗಳನ್ನು ಸಂಸ್ಥೆಗೆ ಕೊಡುವುದಾದರೆ ಬಾಯಿಮಾತಿನಲ್ಲಿ ಕೊಡಬೇಡಿ. ನಿಮ್ಮ ಸಂಖ್ಯೆಗಳ ಪಟ್ಟಿ ಎರಡು ಪ್ರತಿ ಮಾಡಿ, ಎರಡಕ್ಕೂ ಸಹಿ, ಮೊಹರು ಹಾಕಿಸಿ, ಒಂದು ನಿಮ್ಮಲ್ಲಿ ಇಟ್ಟುಕೊಳ್ಳಿ. ಪೆಟ್ಟಿಗೆಯ ಜೊತೆ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯನ್ನೂ ಕೊಡಿ. ಹಂತ 1ರಲ್ಲಿ ತೆಗೆದ ಟ್ರಂಕಿನ ಫೋಟೊಗಳನ್ನು ಅಚ್ಚು ಹಾಕಿಸಿ ಅದೇ ಪೆಟ್ಟಿಗೆಯಲ್ಲಿ ಮೇಲುಗಡೆ ಇಡಿ.